ಸ್ಪೋರ್ಟ್ಸ್ ಕೂಪೆ ಕೊಳ್ಳುವ ಮುಂಚೆಯೇ ಮಾರುವ ಲೆಕ್ಕ ಹಾಕಿ

ಷೋರೂಮಿನಲ್ಲಿ ಹೇಳುವ ಬೆಲೆ ನಿಮ್ಮ ಖರ್ಚಲ್ಲ. ಕೊಂಡ ಬೆಲೆಯಿಂದ ಮಾರಿದ ಬೆಲೆ ಕಳೆಯಿರಿ, ಉಳಿದದ್ದಕ್ಕೆ ಕಾರು ನಿಮ್ಮ ಹತ್ತಿರ ಇದ್ದಷ್ಟು ದಿನ ಸುರಿದ ದುಡ್ಡು ಸೇರಿಸಿ. ಅದು ಖರ್ಚು. ಸ್ಪೋರ್ಟ್ಸ್ ಕೂಪೆ, ಅಂದರೆ ಎರಡು ಬಾಗಿಲಿನ ವೇಗದ ಕಾರು, ನೋಡಿದಾಗ ಈ ಕೂಡು-ಕಳೆ ಮರೆತುಹೋಗುವುದು ಸಹಜವೇ, ಅದಕ್ಕೇ ಟೆಸ್ಟ್ ಡ್ರೈವ್‌ಗೆ ಹೋಗುವ ಮುಂಚೆ ಕೂತು ಬರೆದಿಟ್ಟುಕೊಳ್ಳಿ.

ಹೊಸ ಕಾರಿನ ಬೆಲೆ 100 ಅಂತ ಇಟ್ಟುಕೊಳ್ಳೋಣ. ಮೂರು ವರ್ಷ ಆದಮೇಲೆ 60ಕ್ಕೆ ಮಾರಿದರೆ ಹೋದದ್ದು 40. ಅದನ್ನೇ 60ಕ್ಕೆ ಕೊಂಡವರು ಇನ್ನು ಮೂರು ವರ್ಷ ಓಡಿಸಿ 45ಕ್ಕೆ ಮಾರಿದರೆ ಅವರಿಗೆ ಹೋದದ್ದು ಬರೀ 15. ಇವು ಉದಾಹರಣೆಗೆ ಹೇಳಿದ ಅಂಕಿಗಳು, ನಿಮ್ಮ ಕಾರಿನದು ಬೇರೆ ಇರಬಹುದು, ಆದರೆ ಮೊದಲ ಮೂರ್ನಾಲ್ಕು ವರ್ಷದಲ್ಲೇ ದೊಡ್ಡ ಇಳಿತ ಆಗುವುದು ಈ ವರ್ಗದ ಬಹುತೇಕ ಕಾರುಗಳ ಕಥೆ. ಹಾಗಾದರೆ ಸೆಕೆಂಡ್ ಹ್ಯಾಂಡೇ ಸರಿ ಅಲ್ವಾ? ಪೂರ್ತಿ ಅಲ್ಲ. ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಅರ್ಧ ಬೆಲೆಗೆ ಕೊಂಡ ಕಾರಿಗೂ ಗೇರ್‌ಬಾಕ್ಸ್, ಅಡಾಪ್ಟಿವ್ ಡ್ಯಾಂಪರ್ (ರಸ್ತೆಗೆ ತಕ್ಕಂತೆ ತಾನೇ ಹದ ಬದಲಿಸುವ ಶಾಕ್ ಅಬ್ಸಾರ್ಬರ್), ಹೆಡ್‌ಲೈಟ್ ಎಲ್ಲವೂ ಪೂರ್ತಿ ಬೆಲೆಗೇ ಬರುತ್ತವೆ. ಅದರಲ್ಲಿ ಒಂದೇ ಒಂದು ಕೈಕೊಟ್ಟರೂ ನೀವು ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಯಾವ ಕಾರು ಬೆಲೆ ಉಳಿಸಿಕೊಳ್ಳುತ್ತದೆ? ಪೋರ್ಷೆ 911 ಎಲ್ಲರ ಬಾಯಲ್ಲೂ ಬರುತ್ತದೆ, ಸುಮ್ನೆ ಅಲ್ಲ. 1963ರಿಂದ ಅದೇ ಆಕಾರ, ಹಿಂದೆಯೇ ಎಂಜಿನ್, ಹಾಗಾಗಿ ಹಳೆಯದು ಹಳೆಯದಾಗಿ ಕಾಣುವುದು ಕಡಿಮೆ, ಕೊಳ್ಳುವವರೂ ಸದಾ ಇರುತ್ತಾರೆ. 2017ರಲ್ಲಿ ಮಾರುಕಟ್ಟೆಗೆ ಬಂದ ಲೆಕ್ಸಸ್ ಎಲ್‌ಸಿ 500 ಕಾರಿನಲ್ಲಿ ಟರ್ಬೊ ಇಲ್ಲದ 5 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇದೆ. ಇಂಥ ಎಂಜಿನ್ ಈಗ ಅಪರೂಪ, ಅದಕ್ಕೇ ಬೇಡಿಕೆ. ಅದೇ 2018ರಲ್ಲಿ ವಾಪಸ್ ಬಂದ ಬಿಎಂಡಬ್ಲ್ಯು 8 ಸೀರೀಸ್ ಓಡಿಸಲು ಸೊಗಸಾದ ಕಾರು, ಬೆಲೆ ಮಾತ್ರ ಬೇಗ ಕುಸಿಯಿತು. ನನ್ನ ಪ್ರಕಾರ ಹೊಸದು ಕೊಳ್ಳುವವರಿಗೆ ಅದು ದುಬಾರಿ, ಎರಡನೆಯವರಿಗೆ ಒಳ್ಳೆಯ ವ್ಯಾಪಾರ. ಒಂದು ಮಾಡೆಲ್ ನಿಂತುಹೋಯಿತು ಅಂದ ಮಾತ್ರಕ್ಕೆ ಬೆಲೆ ಏರುತ್ತದೆ ಅಂತ ನಂಬಬೇಡಿ. ಜಾಗ್ವಾರ್ ಎಫ್-ಟೈಪ್, ಆಡಿ ಆರ್8 ಎರಡೂ 2024ರಲ್ಲಿ ನಿಂತವು, ಆದರೆ ಆರ್8ರ ವಿ10ಗೆ ಇರುವ ಹುಚ್ಚು ಎಫ್-ಟೈಪಿನ ನಾಲ್ಕು ಸಿಲಿಂಡರಿಗೆ ಎಲ್ಲಿಂದ ಬರಬೇಕು.

ಆಪ್ಷನ್‌ಗಳ ಪಟ್ಟಿ ನೋಡಿ ಕೈ ಬಿಗಿ ಹಿಡಿಯಿರಿ. ಸ್ಪೋರ್ಟ್ಸ್ ಎಗ್ಸಾಸ್ಟ್, ಒಳ್ಳೆಯ ಸೀಟುಗಳನ್ನು ಮುಂದಿನವರೂ ಹುಡುಕುತ್ತಾರೆ. ಚರ್ಮ ಸುತ್ತಿದ ಎಸಿ ಕಿಂಡಿಗೆ ಕೊಟ್ಟ ದುಡ್ಡು ಮರಳಿ ಬರುವುದಿಲ್ಲ.

ಇನ್ನು ಓಡಿಸುವ ಖರ್ಚು. ಇನ್ಶೂರೆನ್ಸ್, ತೆರಿಗೆ, ಸಾಲದ ಬಡ್ಡಿ ಎಲ್ಲರಿಗೂ ಗೊತ್ತು, ಕೋಟ್ ತರಿಸಿ ಬರೆದುಕೊಳ್ಳಿ, ಮುಗಿಯಿತು. ಜನ ಮರೆಯುವುದು ಟೈರು ಮತ್ತು ಬ್ರೇಕು. 992 ಅನ್ನುವ ಪೀಳಿಗೆಯ ಪೋರ್ಷೆ 911 ಕರೆರಾ ಎಸ್‌ಗೆ ಮುಂದೆ 20 ಇಂಚಿನ ಚಕ್ರಕ್ಕೆ 245/35 (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇಕಡಾ 35), ಹಿಂದೆ 21 ಇಂಚಿನದಕ್ಕೆ 305/30 ಟೈರು. ಹಿಂದಿನದನ್ನು ಮುಂದಕ್ಕೆ ಹಾಕುವ ಹಾಗಿಲ್ಲ, ಹಿಂದಿನ ಜೋಡಿ ಬೇಗ ಸವೆಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಕಾರು ಅಂತ ಖುಷಿಪಡುವ ಮುಂಚೆ ಇದನ್ನು ಓದಿ. ಟೈರಿನ ಹಲ್ಲು ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ನಾಲ್ಕೂ ಬದಲಿಸಬೇಕು. ನಿಂತೇ ಇದ್ದ ಕಾರಿನಲ್ಲಿ ಬ್ಯಾಟರಿ ಸತ್ತಿರುತ್ತದೆ, ಸೀಲುಗಳು ಒಣಗಿರುತ್ತವೆ. ಓಡಲಿ ಬಿಡಲಿ, ಬ್ರೇಕ್ ಆಯಿಲ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಾರ್ಬನ್ ಸೆರಾಮಿಕ್ ಬ್ರೇಕ್ ಇದ್ದರೆ ಡಿಸ್ಕ್‌ಗಳನ್ನು ಬೆಳಕು ಹಿಡಿದು ನೋಡಿ, ಅಂಚು ಚಕ್ಕೆ ಎದ್ದಿದ್ದರೆ ಆ ಬಿಲ್ಲು ಸಣ್ಣದಲ್ಲ. ರಸ್ತೆಯಲ್ಲಷ್ಟೇ ಓಡಿಸುವವರಿಗೆ ಕಬ್ಬಿಣದ ಡಿಸ್ಕೇ ಸಾಕು.

ಹಳೆಯದು ನೋಡಲು ಹೋದಾಗ ಮಾರುವವರು ಹೇಳಿದ ಗ್ಯಾರೇಜಿನಲ್ಲಲ್ಲ, ಆ ಬ್ರ್ಯಾಂಡನ್ನೇ ಬಿಚ್ಚಿ ಗೊತ್ತಿರುವ ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸಿ. ಪೇಂಟ್ ದಪ್ಪ ಅಳೆಯಲಿ, ಕಂಪ್ಯೂಟರ್ ಹಾಕಿ ನೋಡಲಿ. ಪೋರ್ಷೆಯ ಎಂಜಿನ್ ಕಂಪ್ಯೂಟರು ಓವರ್-ರೆವ್ ಲೆಕ್ಕವನ್ನು ಹಂತ ಹಂತವಾಗಿ ಇಡುತ್ತದೆ. ಮ್ಯಾನುಯಲ್ ಕಾರಾದರೆ ಇದನ್ನು ಕೇಳಲೇಬೇಕು, ಏಕೆಂದರೆ ಮೇಲಿನ ಹಂತಗಳಲ್ಲಿ ದಾಖಲೆ ಇದ್ದರೆ ಯಾರೋ ತಪ್ಪು ಗೇರಿಗೆ ಇಳಿಸಿ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ್ದಾರೆ ಅಂತ ಅರ್ಥ. ಹಾಗೆಯೇ ಆ ಮಾಡೆಲಿಗೆ ಹೆಸರಾದ ಕಾಯಿಲೆ ಯಾವುದು ಅಂತ ತಿಳಿದುಕೊಂಡು ಹೋಗಿ. 2007ರಿಂದ 2013ರವರೆಗಿನ ವಿ8 ಎಂಜಿನ್ನಿನ ಬಿಎಂಡಬ್ಲ್ಯು ಎಂ3ಗೆ ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವ ಕಡೆಯದು), 2008ಕ್ಕಿಂತ ಹಿಂದಿನ ಎಷ್ಟೋ 911ಗಳಿಗೆ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಇಂಟರ್‌ಮೀಡಿಯಟ್ ಶಾಫ್ಟಿನದು). ಆ ಕೆಲಸ ಆಗಿದೆ ಅನ್ನುವ ಬಿಲ್ಲು ಕೈಯಲ್ಲಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಬಾಯಿಮಾತಾದರೆ ಆಗಿಲ್ಲ ಅಂತಲೇ ಲೆಕ್ಕ.

ಮಾರುವ ದಿನಕ್ಕೆ ಮೊದಲ ದಿನದಿಂದಲೇ ತಯಾರಿ ಇರಲಿ. ಎಲ್ಲ ಬಿಲ್ಲು ಒಂದೇ ಫೈಲಿನಲ್ಲಿ, ಎರಡನೇ ಕೀ ಜೋಪಾನ. ವಾರಂಟಿ ಮುಗಿಯುವ ಮುಂಚೆ, ಇನ್ನೂ ಕೆಲವು ತಿಂಗಳು ಬಾಕಿ ಇರುವಾಗ ಮಾರಿ, ಆ ತಿಂಗಳುಗಳಿಗೆ ಕೊಳ್ಳುವವರು ದುಡ್ಡು ಕೊಡುತ್ತಾರೆ. ಚಕ್ರ, ಎಗ್ಸಾಸ್ಟ್ ಬದಲಿಸಿದ್ದರೆ ಕಂಪನಿಯದನ್ನು ವಾಪಸ್ ಹಾಕಿ, ಹೊರಗಿನದನ್ನು ಬೇರೆಯಾಗಿ ಮಾರಿಕೊಳ್ಳಿ.