ಪ್ರೊಸೆಸರ್ ಬಿಡುವಾಗಿದ್ದರೂ ಸರ್ವರ್ ತೆವಳುತ್ತಿದ್ದದ್ದೇಕೆ

ಗದಗಿನ ಮುದ್ರಣಾಲಯವೊಂದರಲ್ಲಿ ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್, ಲಗ್ನಪತ್ರಿಕೆಗಳ ಹಂಗಾಮಿನಲ್ಲಿ ಮಧ್ಯಾಹ್ನವಾಗುತ್ತಲೇ ತೆವಳತೊಡಗುತ್ತಿತ್ತು. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ 'ಟಾಪ್' ತೆರೆದರೆ ಲೋಡ್ ಸರಾಸರಿ (ಓಡುತ್ತಿರುವ ಇಲ್ಲವೇ ಸರದಿಗಾಗಿ ಕಾದಿರುವ ಪ್ರಕ್ರಿಯೆಗಳ ಸರಾಸರಿ ಸಂಖ್ಯೆ) ಪ್ರೊಸೆಸರಿನ ಕೋರ್‌ಗಳ ಸಂಖ್ಯೆಯನ್ನು ಮೀರಿತ್ತು, ಪ್ರೊಸೆಸರ್ ಮಾತ್ರ ಬಹುಪಾಲು ಕೆಲಸವಿಲ್ಲದೆ ಕಾಯುತ್ತಿತ್ತು. ಇದರಲ್ಲಿ ವಿರೋಧವೇನೂ ಇಲ್ಲ. ಲಿನಕ್ಸ್‌ನಲ್ಲಿ ಡಿಸ್ಕಿಗಾಗಿ ಕಾದು ನಿಂತ ಪ್ರಕ್ರಿಯೆಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಮೆಮೊರಿಯ ಲೆಕ್ಕ ಕೊಡುವ 'ಫ್ರೀ' ಆಜ್ಞೆಯ ಫ್ರೀ ಕಾಲಂ ನೋಡಿ ಮಾಲೀಕರು ಗಾಬರಿಯಾದರು. ಆದರೆ ಖಾಲಿ ಮೆಮೊರಿಯನ್ನು ಲಿನಕ್ಸ್‌ನ ತಿರುಳಾದ ಕರ್ನಲ್, ಓದಿದ ಫೈಲುಗಳನ್ನು ಕೈಗೆಟುಕುವಂತಿಡುವ ಕ್ಯಾಶ್‌ಗೆ ಬಳಸಿಕೊಂಡು ಬೇಕಾದಾಗ ಬಿಟ್ಟುಕೊಡುವುದರಿಂದ, ನೋಡಬೇಕಾದದ್ದು ಅವೈಲೆಬಲ್ ಕಾಲಂ. ನಮ್ಮಲ್ಲಿ ಅದೂ ತಳ ಕಂಡಿತ್ತು. ಐದು ಸೆಕೆಂಡಿಗೊಮ್ಮೆ ಮೆಮೊರಿಯ ಓಡಾಟ ತೋರಿಸುವ 'ವಿಎಂಸ್ಟ್ಯಾಟ್ 5' ಓಡಿಸಿ, ಯಂತ್ರ ಚಾಲೂ ಆದಾಗಿನಿಂದಿನ ಸರಾಸರಿಯನ್ನು ತೋರಿಸುವ ಮೊದಲ ಸಾಲನ್ನು ಬಿಟ್ಟು ಗಮನಿಸಿದಾಗ, ಎಸ್‌ಐ ಮತ್ತು ಎಸ್‌ಓ ಕಾಲಂಗಳು (ಕ್ರಮವಾಗಿ, ಡಿಸ್ಕಿನಲ್ಲಿ ಮೆಮೊರಿಯ ಬದಲಿ ಜಾಗವಾದ ಸ್ವಾಪ್‌ನಿಂದ ಒಳಬಂದದ್ದು, ಅಲ್ಲಿಗೆ ಹೊರಹೋದದ್ದು) ಒಮ್ಮೆಯೂ ಸೊನ್ನೆಗೆ ಇಳಿಯಲಿಲ್ಲ. ಅಂದರೆ ಮೆಮೊರಿ ಪುಟಗಳು ಸ್ವಾಪ್‌ಗೂ ರ‍್ಯಾಮ್‌ಗೂ ನಡುವೆ ಎಡತಾಕುತ್ತಲೇ ಇದ್ದವು.

'ಟಾಪ್'ನಲ್ಲಿ ಶಿಫ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿ ಮೆಮೊರಿಯ ಕ್ರಮದಲ್ಲಿ ಜೋಡಿಸಿದೊಡನೆ, ಪಿಡಿಎಫ್ ಪರಿವರ್ತಿಸುವ ಒಂದೇ ಪ್ರೋಗ್ರಾಂನ ಹಲವು ಪ್ರತಿಗಳು ಸಾಲಾಗಿ ಮೇಲೆ ಬಂದವು. ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಓಡದಂತೆ ಸರದಿ ಕಟ್ಟಿ, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಮೆಮೊರಿಮ್ಯಾಕ್ಸ್ ಎಂಬ ಗರಿಷ್ಠ ಮೆಮೊರಿ ಮಿತಿಯನ್ನೂ ಹಾಕಿದ ಮೇಲೆ ಎಸ್‌ಓ ಸೊನ್ನೆಯಲ್ಲೇ ನಿಂತಿದೆ. ಮಿತಿ ಮೀರಿದ ಪ್ರಕ್ರಿಯೆಯನ್ನು ಕರ್ನಲ್ ಮುಲಾಜಿಲ್ಲದೆ ಕೊಂದುಹಾಕುವುದರಿಂದ, ಆ ಮಿತಿಯನ್ನು ತುಸು ಸಡಿಲವಾಗಿಯೇ ಇಟ್ಟಿದ್ದೇನೆ.