ಆಷಾಢದಲ್ಲಿ ವಿಂಡೋಸ್ 11: ಡಿಟಿಪಿ ಅಂಗಡಿಯ ಲೆಕ್ಕ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳಿಗೆ 2025ರ ಅಕ್ಟೋಬರ್ 14 ಕೊನೆ ಅನ್ನುವುದು ಮೊದಲೇ ಗೊತ್ತಿತ್ತು. ಮಂಡ್ಯದ ನಮ್ಮ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ 11ಕ್ಕೆ ಬದಲಾಗಲು ಆಷಾಢವನ್ನೇ ಆರಿಸಿಕೊಂಡೆ. ಮದುವೆ ಪತ್ರಿಕೆ ಕೆಲಸ ಇಲ್ಲದ ತಿಂಗಳು, ಒಂದು ಕಂಪ್ಯೂಟರ್ ಎರಡು ದಿನ ಮಲಗಿದರೂ ಯಾರೂ ಬಾಗಿಲಲ್ಲಿ ಬಂದು ನಿಲ್ಲುವುದಿಲ್ಲ.

ಇರುವ ಎರಡು ಕಂಪ್ಯೂಟರಿನಲ್ಲಿ ಒಂದರ ಪ್ರೊಸೆಸರ್ ಇಂಟೆಲ್‌ನ ಎಂಟನೇ ತಲೆಮಾರಿನ ಐ3, ಇನ್ನೊಂದು ನಾಲ್ಕನೇ ತಲೆಮಾರಿನದು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲೆ, 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಆ 4 ಜಿಬಿ ಬರೀ ಕಾಗದದ ಮೇಲಿನ ಮಾತು, 8 ಇಲ್ಲದೆ ಕೈ ಹಾಕಬೇಡಿ. ಟಿಪಿಎಂ ಇಲ್ಲವೆಂದು ತೋರಿಸಿದರೆ ತಕ್ಷಣ ಮದರ್‌ಬೋರ್ಡ್ ಬದಲಿಸಲು ಹೊರಡಬೇಡಿ. ಬಹಳ ಸಲ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಅದು ಆಫ್ ಆಗಿರುತ್ತದೆ. ಅಲ್ಲಿ ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಮುಗಿಯಿತು.

ಎಂಟನೇ ತಲೆಮಾರಿನ ಕಂಪ್ಯೂಟರಿನಲ್ಲಿ ಹಳೆ ವಿಂಡೋಸ್ ಮೇಲೇ ಅಪ್‌ಗ್ರೇಡ್ ಮಾಡಲಿಲ್ಲ. ಹಳೆ ಡಿಸ್ಕ್ ಬಿಚ್ಚಿಟ್ಟು ಹೊಸ ಎಸ್‌ಎಸ್‌ಡಿ ಮೇಲೆ 11 ಪ್ರೊ, 24ಎಚ್2 ಆವೃತ್ತಿ ಹಾಕಿದೆ. ಏನಾದರೂ ಕೆಟ್ಟರೆ ಹಳೆ ಡಿಸ್ಕ್ ಹಾಗೇ ಇರುತ್ತದಲ್ಲ. ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಹಿಂದೆ ಇದ್ದ ಪ್ರೊ ಆವೃತ್ತಿಯನ್ನೇ ಆರಿಸಿದರೆ ಕೀ ಕೇಳದೆ ಆಕ್ಟಿವೇಟ್ ಆಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಬಹುದು, ಅಂದರೆ ಅದಕ್ಕೆ ಬೀಗ ಬೀಳಬಹುದು. ಆಗ 48 ಅಂಕಿಯ ರಿಕವರಿ ಕೀಯನ್ನು ಅವತ್ತೇ ಪ್ರಿಂಟ್ ತೆಗೆದಿಡಿ. ನಾಳೆ ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಅದನ್ನು ಕೇಳಿದರೆ ಬೇರೆ ದಾರಿ ಇಲ್ಲ.

ಟಾಸ್ಕ್‌ಬಾರ್ ನಡುವಿಗೆ ಬಂದದ್ದು, ರೈಟ್ ಕ್ಲಿಕ್ ಮೆನು ಮೊಟಕಾದದ್ದು ವಾರದಲ್ಲಿ ಅಭ್ಯಾಸವಾಗುತ್ತವೆ. ನಿಜವಾದ ಕೆಲಸ ಇರುವುದು ಅಕ್ಷರಗಳಲ್ಲಿ.

ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಅದು ನಿಮ್ಮೊಬ್ಬರ ಖಾತೆಗೆ ಮಾತ್ರ, ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಕೂರುತ್ತದೆ. ಕೆಲವು ಹಳೆ ತಂತ್ರಾಂಶಗಳಿಗೆ ಅದು ಕಾಣುವುದೇ ಇಲ್ಲ. ವರ್ಡ್‌ನಲ್ಲಿ ನುಡಿ 01 ಇ ಫಾಂಟ್ ಇದೆ, ಪುಟ ವಿನ್ಯಾಸದ ಪೇಜ್‌ಮೇಕರ್‌ನಲ್ಲಿ ಇಲ್ಲ ಅಂದರೆ ಮೊದಲು ಇದನ್ನೇ ಅನುಮಾನಿಸಿ. ಫಾಂಟ್‌ಗಳನ್ನೆಲ್ಲ ಒಟ್ಟಿಗೆ ಆರಿಸಿ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಒತ್ತಬೇಕು.

ವಿಂಡೋಸ್‌ನ ಹಳೆ ಕನ್ನಡ ಫಾಂಟ್ ತುಂಗಾ ಇನ್ನೊಂದು ಕಥೆ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇರುತ್ತದೆ, ತುಂಗಾ ಇರುವುದಿಲ್ಲ. ಮೋಸ ಏನೆಂದರೆ, ಹಳೆ ಫೈಲ್ ತೆರೆದಾಗ ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ತುಂಗಾ ಎಂದೇ ಬರೆದಿರುತ್ತದೆ, ತೆರೆಯ ಮೇಲೆ ಮಾತ್ರ ಬೇರೆ ಅಕ್ಷರ. ಸಾಲಿನ ಎತ್ತರ ಬದಲಾಗಿ ಎರಡು ಪುಟದ ಕರಾರು ಪತ್ರದ ಸಹಿ ಮೂರನೇ ಪುಟಕ್ಕೆ ಜಾರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಮ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿಕೊಳ್ಳಿ. ಕನ್ನಡ ಭಾಷೆಯನ್ನೇ ಸೇರಿಸಿದರೂ ಫಾಂಟ್ ಬರುತ್ತದೆ, ಆದರೆ ಜೊತೆಗೆ ವಿಂಡೋಸ್‌ನ ಕನ್ನಡ ಕೀಬೋರ್ಡೂ ಬಂದು ಕೂರುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ತಾಗಿ ಅದಕ್ಕೆ ಬದಲಾದರೆ ನುಡಿಯಲ್ಲಿ ಒತ್ತಿದ್ದೊಂದು, ಮೂಡುವುದೊಂದು. ನುಡಿಯಲ್ಲೇ ಕೆಲಸ ಮಾಡುವವರು ಇಂಗ್ಲಿಷ್ ಕೀಬೋರ್ಡ್ ಒಂದನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಪೇಜ್‌ಮೇಕರ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವ ರೂಢಿ ನಮ್ಮದು. ಹಾಗೆ ತೆರೆದರೆ ನುಡಿಯನ್ನೂ ಹಾಗೇ ತೆರೆಯಬೇಕು, ಮೇಲಿನ ಹಕ್ಕಿನಲ್ಲಿ ಓಡುವ ಕಿಟಕಿಯ ಕೀಗಳನ್ನು ಕೆಳಗಿನ ಹಕ್ಕಿನ ತಂತ್ರಾಂಶ ಹಿಡಿಯಲಾರದು. ಇನ್ನು, ಕನ್ನಡ ಸರಿಬರಲಿ ಅಂತ ರೀಜನ್ ಸೆಟ್ಟಿಂಗಿನಲ್ಲಿ 'ಬೀಟಾ: ಯುಟಿಎಫ್-8' ಗುರುತು ಹಾಕಲು ಹೇಳುವವರಿದ್ದಾರೆ. ಯೂನಿಕೋಡ್ ಅಲ್ಲದ ಹಳೆ ಬಗೆಯ (ಆನ್ಸಿ) ನುಡಿ ಫೈಲುಗಳಿರುವ ಅಂಗಡಿಯಲ್ಲಿ ಅದನ್ನು ಮುಟ್ಟಬೇಡಿ.

ಪ್ರಿಂಟರ್ ಮತ್ತು ಕೆಲಸದ ಫೋಲ್ಡರ್ ನಾಲ್ಕನೇ ತಲೆಮಾರಿನ ಹಳೆ ಕಂಪ್ಯೂಟರಿನಲ್ಲೇ ಉಳಿದವು. ಅದು ವಿಂಡೋಸ್ 10ರಲ್ಲೇ ಇದೆ. ಪಾಸ್‌ವರ್ಡ್ ಇಲ್ಲದೆ ಶೇರ್ ಮಾಡಿದ್ದ ಆ ಫೋಲ್ಡರ್ ವಿಂಡೋಸ್ 11 ಹಾಕಿದ ಕಂಪ್ಯೂಟರಿನಿಂದ ತೆರೆಯಲಿಲ್ಲ. ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶ ತಡೆದಿದೆ ಅನ್ನುವ ಅರ್ಥದ ಸಂದೇಶ. (ಸಂಸ್ಥೆ ಎಲ್ಲಿ ಬಂತು, ಇರುವುದು ಎರಡು ಮೇಜು!) 24ಎಚ್2 ಪ್ರೊ ಆವೃತ್ತಿ ಗೆಸ್ಟ್ ಆಗಿ, ಅಂದರೆ ಪಾಸ್‌ವರ್ಡ್ ಇಲ್ಲದೆ, ಹೋಗಲು ಬಿಡುವುದಿಲ್ಲ. ಆ ತಡೆಯನ್ನೇ ತೆಗೆಯುವ ಉಪಾಯಗಳಿವೆ, ನಾನು ಒಪ್ಪುವುದಿಲ್ಲ. ಹಳೆ ಯಂತ್ರದಲ್ಲಿ ಒಂದು ಲೋಕಲ್ ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಫೋಲ್ಡರಿಗೆ ಆ ಹೆಸರಿನ ಅನುಮತಿ ಹಾಕಿದೆ. ಹೊಸದರಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು ಹಳೆ ಕಂಪ್ಯೂಟರಿನ ಹೆಸರು, ಯೂಸರ್, ಪಾಸ್‌ವರ್ಡ್ ಉಳಿಸಿದರೆ ಮತ್ತೆ ಕೇಳುವುದಿಲ್ಲ. ಪಾಸ್‌ವರ್ಡ್ ಖಾಲಿ ಬಿಟ್ಟರೆ ನೆಟ್‌ವರ್ಕ್‌ನಲ್ಲಿ ನಡೆಯದು.

ಹಳೆ ಲೇಸರ್ ಪ್ರಿಂಟರ್ ಇರುವವರು 'ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್' ಆನ್ ಮಾಡಬಾರದು, ಕಂಪನಿಯ ಡ್ರೈವರ್ ಹಾರಿಹೋಗುತ್ತದೆ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನಿರ್ವಹಿಸುವ ಆಯ್ಕೆಯನ್ನೂ ಆಫ್ ಮಾಡಿ.

ಕಡೆಗೆ, ಹಳೆಯ ಲಗ್ನಪತ್ರಿಕೆಯೊಂದನ್ನು ಹೊಸ ಯಂತ್ರದಿಂದ ಪ್ರಿಂಟ್ ತೆಗೆದು, ಹಿಂದಿನ ಪ್ರತಿಯ ಮೇಲಿಟ್ಟು, ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದೆ. 'ಜ್ಯೇಷ್ಠ ಪುತ್ರಿ'ಯ ಒತ್ತುಗಳು ಒಂದರ ಮೇಲೊಂದು ಕೂತವು, ಸಾಲುಗಳ ಕೊನೆಯೂ ಹೊಂದಿತು. ಅದಾದ ಮೇಲೆಯೇ ಹಳೆ ಡಿಸ್ಕಿಗೆ ದಿನಾಂಕದ ಚೀಟಿ ಅಂಟಿಸಿ ಬೀರುವಿಗೆ ಹಾಕಿದ್ದು.