ಕಾಲುಭಾಗ ಗುಲ್ಮ ಉಳಿಸಿದ್ದು

"ಪೂರಾ ತೆಗೆದ್ರೆ ಮುಗೀತಲ್ವಾ? ಅರ್ಧಂಬರ್ಧ ಯಾಕೆ, ರಕ್ತ ನಿಲ್ಲಲ್ಲ." ಗುಲ್ಮವನ್ನು (ಸ್ಪ್ಲೀನ್) ಪೂರ್ತಿ ತೆಗೆಯದೆ ಸ್ವಲ್ಪ ಉಳಿಸೋಣ ಅಂದರೆ ವಿಜಯಪುರದಲ್ಲಿ ನನ್ನ ಜೊತೆಗಿನ ಸರ್ಜನ್‌ಗಳು ಹೇಳುತ್ತಿದ್ದದ್ದು ಇದೇ. ಅವರದೂ ತಪ್ಪಿಲ್ಲ, ನನ್ನ ಮೊದಲ 2 ಕೇಸ್ ಕೆಟ್ಟಿದ್ದವು.

ಮೊದಲನೆಯದರಲ್ಲಿ ಕೆಳತುದಿ ಉಳಿಸಲು ಹೋದೆ. ಟೇಬಲ್ ಮೇಲೇ ಅದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನೂ ತೆಗೆಯಬೇಕಾಯಿತು. ಎರಡನೆಯದರಲ್ಲಿ ಗುಲ್ಮ ಕೊಯ್ದ ಜಾಗ ಜಿನುಗುತ್ತಲೇ ಇತ್ತು. 2 ಬಾಟಲಿ ರಕ್ತ ಕೊಟ್ಟೆವು. ರಕ್ತ ನಿಲ್ಲಿಸುವ ಶೀಟ್‌ಗೆ 6-7 ಸಾವಿರ ನನ್ನ ಜೇಬಿಂದಲೇ ಹೋಯಿತು.

ಮೂರನೆಯವಳು ಇಂಡಿ ಕಡೆಯ 8 ವರ್ಷದ ಹುಡುಗಿ. ಸ್ಫೆರೋಸೈಟೋಸಿಸ್, ಅಂದರೆ ಕೆಂಪು ಕಣಗಳು ಗುಂಡಗಾಗಿ ಗುಲ್ಮದಲ್ಲಿ ಒಡೆಯುವ, ವಂಶದಲ್ಲಿ ಬರುವ ಕಾಯಿಲೆ. ಹಿಮೋಗ್ಲೋಬಿನ್ 7ರ ಆಸುಪಾಸು. ಅಪ್ಪನಿಗೂ ಅದೇ ಕಾಯಿಲೆ, ಅವರ ಗುಲ್ಮ ಚಿಕ್ಕಂದಿನಲ್ಲೇ ತೆಗೆದಿದ್ದರು. "ನಾ ಚೊಲೋ ಅದೀನಲ್ರಿ ಸಾಹೇಬ್ರ, ಇಕಿದೂ ತಗದ ಬಿಡ್ರಿ" ಅಂದರು. ಗುಲ್ಮ ಇಲ್ಲದವರಿಗೆ ಕೆಲವು ಬ್ಯಾಕ್ಟೀರಿಯಾ ಸೋಂಕು ಜೋರಾಗುತ್ತದೆ; ಅವರಿಗೆ ಒಮ್ಮೆ ನ್ಯುಮೋಕಾಕಸ್ ಸೆಪ್ಸಿಸ್ (ರಕ್ತಕ್ಕೇರಿದ ಸೋಂಕು) ಆಗಿ ವಾರಗಟ್ಟಲೆ ಐಸಿಯುನಲ್ಲಿದ್ದದ್ದು ಹೆಂಡತಿ ಮರೆತಿರಲಿಲ್ಲ. ಸ್ವಲ್ಪ ಉಳಿಸಲು ಒಪ್ಪಿದ್ದು ಆಕೆಯೇ.

ಸ್ವಲ್ಪ ಉಳಿಸುತ್ತೇವೆಂದು ಲಸಿಕೆ ಬಿಡಲಿಲ್ಲ. ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್, ಎಲ್ಲ 2 ವಾರ ಮೊದಲೇ ಮುಗಿಸಿದೆ. ಖರ್ಚು 10 ಸಾವಿರ ದಾಟಿತು.

ಈ ಸಲ ಮೇಲ್ತುದಿ ಉಳಿಸಿದೆ, ಜಠರದ ಪಕ್ಕದ ಸಣ್ಣ ರಕ್ತನಾಳಗಳ (ಶಾರ್ಟ್ ಗ್ಯಾಸ್ಟ್ರಿಕ್) ಮೇಲೆ. ಹೈಲಮ್ (ದೊಡ್ಡ ನಾಳಗಳು ಗುಲ್ಮಕ್ಕೆ ಸೇರುವ ಜಾಗ) ಕಡೆಯ ನಾಳಗಳನ್ನು ಕಟ್ಟಿ, ರಕ್ತ ಇರುವ ಭಾಗಕ್ಕೂ ಇಲ್ಲದ ಭಾಗಕ್ಕೂ ನಡುವೆ ಬಣ್ಣದ ಗೆರೆ ಮೂಡುವ ತನಕ ಸುಮ್ನೆ ಕಾದೆ. ಆಮೇಲೆ ಗೆರೆಯಿಂದ ಕಪ್ಪಾದ ಕಡೆಗೇ ಸುಮಾರು 1 ಸೆಂಟಿಮೀಟರ್ ಬಿಟ್ಟು ಕೊಯ್ದೆ. ಹಿಂದೆ ಎಡವಿದ್ದು ಇಲ್ಲೇ: ಗೆರೆಯ ಮೇಲೇ ಕೊಯ್ದಿದ್ದೆ. ರಕ್ತ ಹೋದದ್ದು 50 ಎಂಎಲ್ ಇರಬೇಕು. ಉಳಿದ ತುಂಡು ತಿರುಚಿಕೊಳ್ಳದಂತೆ ಎಲ್ಲಿ ಹೊಲಿದೆ ಅನ್ನೋದನ್ನ ಬರೆಯಲ್ಲ. ಥಿಯೇಟರ್‌ಗೆ ಬನ್ನಿ, ತೋರಿಸುತ್ತೇನೆ.

ಈ ಹುಮ್ಮಸ್ಸಿನಲ್ಲಿ ಪದೇಪದೇ ರಕ್ತ ಹಾಕಿಸಬೇಕಾದ ಒಂದು ಥಲಸ್ಸೀಮಿಯಾ ಮಗುವಿಗೂ ಮಾಡಿದೆ. ಒಂದೂವರೆ ವರ್ಷದಲ್ಲಿ ತುಂಡು ಬೆಳೆದು ರಕ್ತದ ಬೇಡಿಕೆ ಮೊದಲಿನಷ್ಟೇ ಆಯಿತು. ಮತ್ತೆ ಹಾಗೆ ಮಾಡಲಿಲ್ಲ. ಟ್ರ್ಯಾಕ್ಟರ್ ಅಪಘಾತದ ಹುಡುಗನೊಬ್ಬನ ಗುಲ್ಮದ ಚೂರುಗಳನ್ನು ಒಮೆಂಟಮ್‌ನಲ್ಲಿ (ಹೊಟ್ಟೆಯೊಳಗಿನ ಕೊಬ್ಬಿನ ಪದರ) ನೆಟ್ಟೂ ನೋಡಿದೆ. 6 ತಿಂಗಳಾದರೂ ಹೋವೆಲ್-ಜಾಲಿ ಚುಕ್ಕೆಗಳು, ಅಂದರೆ ಗುಲ್ಮ ಕೆಲಸ ಮಾಡದಿದ್ದಾಗ ಕೆಂಪು ಕಣದೊಳಗೆ ಉಳಿಯುವ ಚುಕ್ಕೆಗಳು, ಹೋಗಲಿಲ್ಲ.

ಇಂಡಿಯ ಹುಡುಗಿಯ ಹಿಮೋಗ್ಲೋಬಿನ್ 3 ತಿಂಗಳಿಗೆ 10.5 ಆಗಿತ್ತು. ಅಪ್ಪ-ಮಗಳ ರಕ್ತದ ಸ್ಲೈಡ್ ಅಕ್ಕಪಕ್ಕ ಇಟ್ಟೆ. ಅಪ್ಪನದರಲ್ಲಿ ಎಲ್ಲಿ ನೋಡಿದರೂ ಕೆಂಪು ಕಣದೊಳಗೆ ಸಾಸಿವೆಯಂಥ ಕಪ್ಪು ಚುಕ್ಕೆ. ಮಗಳದರಲ್ಲಿ ಹುಡುಕಿದರೂ ಇಲ್ಲ. ಜಾಸ್ತಿ ನಕ್ಕಿದ್ದ ಸರ್ಜನ್‌ರನ್ನೇ ಕರೆದು ತೋರಿಸಿದೆ. "ಸ್ಟೇನ್ ಸರಿ ಆಗಿಲ್ವೇನೋ" ಅಂದರು. ಹೋದ ತಿಂಗಳು ಒಂದು ಸ್ಫೆರೋಸೈಟೋಸಿಸ್ ಕೇಸ್ ಕಳಿಸಿದ್ದಾರೆ. ಚೀಟಿಯಲ್ಲಿ "ಪಾರ್ಷಿಯಲ್ ಆಗುತ್ತಾ ನೋಡಿ" ಎಂದು ಬರೆದಿತ್ತು.